ತುಂಗೆಯ ಹಾಡು, ಭದ್ರೆಯ ಕಬ್ಬಿಣ

ಬೆಂಗಳೂರಿನಿಂದ ರೈಲು ಹತ್ತಿ ಮಲೆನಾಡಿನ ಕಡೆಗೆ ಹೊರಟವರಿಗೆ ಬೀರೂರು ದಾಟಿದೊಡನೆ ಗಾಳಿಯ ಗುಣ ಬದಲಾದುದು ತಿಳಿಯುತ್ತದೆ. ತರೀಕೆರೆಯ ಅಡಕೆ ತೋಟಗಳನ್ನು ಹಿಂದಿಕ್ಕಿ, ಭದ್ರಾವತಿಯಲ್ಲಿ ಒಂದಿಷ್ಟು ಜನರನ್ನು ಇಳಿಸಿ, ಗಾಡಿ ಶಿವಮೊಗ್ಗವನ್ನು ಸೇರುತ್ತದೆ. ಇಳಿದ ಪ್ರವಾಸಿಗಳಲ್ಲಿ ಬಹುಮಂದಿ ಊರನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಒಬ್ಬರು ಜೋಗದ ಬಸ್ಸನ್ನು ಹುಡುಕುತ್ತಾರೆ; ಇನ್ನೊಬ್ಬರು ಆಗುಂಬೆಯ ದಾರಿ ಕೇಳುತ್ತಾರೆ; ಮಕ್ಕಳಿರುವವರು ಸಕ್ರೆಬೈಲಿನ ಆನೆಗಳ ಸ್ನಾನದ ಹೊತ್ತನ್ನು ವಿಚಾರಿಸುತ್ತಾರೆ. ಶಿವಮೊಗ್ಗವೆಂದರೆ ಅವರ ಪಾಲಿಗೆ ಮಲೆನಾಡೆಂಬ ಮನೆಯ ಹೊರಜಗಲಿ. ಚಪ್ಪಲಿ ಬಿಟ್ಟು ಒಳಗೆ ನಡೆಯುವ ಜಾಗ.

ಈ ಜಗಲಿಯ ಮೇಲೆಯೇ ಎರಡು ದಿನ ಕುಳಿತು ಬರೋಣವೆಂದು ನಾವು ಈ ಸಲ ಹೊರಟೆವು. ಕಾರಣವಿಷ್ಟೆ: ಕಳೆದ ಐದಾರು ದಶಕಗಳಲ್ಲಿ ಕನ್ನಡಿಗರ ಮನೆಮನೆಗಳಲ್ಲಿ ಕೇಳಿಬಂದ ಭಾವಗೀತೆಗಳ ವಂಶಾವಳಿಯನ್ನು ಬಿಡಿಸುತ್ತ ಹೋದರೆ, ಅದರ ಬೇರುಗಳಲ್ಲಿ ಹಲವು ಶಿವಮೊಗ್ಗ ಮತ್ತು ಭದ್ರಾವತಿಗಳ ನಡುವಣ ಇಪ್ಪತ್ತು ಕಿಲೋಮೀಟರಿನ ನೆಲಕ್ಕೆ ಬಂದು ನಾಟಿಕೊಳ್ಳುತ್ತವೆ. ಒಂದು ಊರು ಹಾಡನ್ನು ಬರೆಯಿತು; ಇನ್ನೊಂದು ಊರು ಅದನ್ನು ಗಾಳಿಯಲ್ಲಿ ಹರಡಿತು. ಎರಡು ಊರಿನ ಜನರೂ ಜಮಖಾನೆಯ ಮೇಲೆ ಕುಳಿತು ಅದನ್ನು ಕೇಳಿದರು. ಈ ಮೂರನೆಯ ಕೆಲಸ ಇಂದು ಯಾವ ಸ್ಥಿತಿಯಲ್ಲಿದೆ ಎಂಬುದನ್ನು ತಿಳಿಯುವುದು ನಮ್ಮ ಪ್ರಯಾಣದ ಉದ್ದೇಶವಾಗಿತ್ತು.

ಕವಿಗಳ ಜಿಲ್ಲೆ

ಬೆಳಿಗ್ಗೆ ನಾವು ಮೊದಲು ಹೋದದ್ದು ತುಂಗೆಯ ದಂಡೆಗೆ. ಗಂಗೆಯಲ್ಲಿ ಮೀಯಬೇಕು, ತುಂಗೆಯ ನೀರು ಕುಡಿಯಬೇಕು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿದವರಲ್ಲ. ಮಳೆಗಾಲದಲ್ಲಿ ನೀರು ಎಷ್ಟು ಏರಿತೆಂಬುದನ್ನು ಊರಿನವರು ಅಳೆಯುವುದು ಕೋರ್ಪಲಯ್ಯನ ಛತ್ರದ ಬಳಿಯ ಮಂಟಪದಿಂದ. ಮಂಟಪ ಮುಳುಗಿತೆಂದರೆ ಊರೇ ನೋಡಲು ಓಡುತ್ತದೆ. ನಾವು ಹೋದಾಗ ಹೊಳೆ ಇಳಿದಿತ್ತು. ಬಂಡೆಗಳ ನಡುವೆ ನೀರು ಸಣ್ಣ ದನಿಯಲ್ಲಿ ಹರಿಯುತ್ತಿತ್ತು.

ಈ ಹೊಳೆಯನ್ನು ಮೇಲ್ಮುಖವಾಗಿ ಅನುಸರಿಸಿದರೆ ತೀರ್ಥಹಳ್ಳಿ ತಾಲ್ಲೂಕು. ಅಲ್ಲಿಯೇ ಕುವೆಂಪು ಅವರ ಕುಪ್ಪಳಿ. ಶಿಕಾರಿಪುರದ ದಿಕ್ಕಿಗೆ ತಿರುಗಿದರೆ ಈಸೂರು, 1926ರಲ್ಲಿ ಜಿ. ಎಸ್. ಶಿವರುದ್ರಪ್ಪನವರು ಹುಟ್ಟಿದ ಊರು. ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟರು 1936ರಲ್ಲಿ ಹುಟ್ಟಿದ್ದು ಶಿವಮೊಗ್ಗದಲ್ಲಿಯೇ. ಗೋಪಾಲಕೃಷ್ಣ ಅಡಿಗರು ಈ ಜಿಲ್ಲೆಯವರಲ್ಲದಿದ್ದರೂ 1960ರ ದಶಕದಲ್ಲಿ ಸಾಗರದ ಕಾಲೇಜಿನ ಪ್ರಾಂಶುಪಾಲರಾಗಿ ಇಲ್ಲಿನ ಮಳೆಯಲ್ಲಿ ನೆನೆದವರು. ಇವರಲ್ಲಿ ಯಾರೂ ಗಾಯಕರಿಗಾಗಿ ಕೂತು ಪದ ಹೊಸೆದ ಮಂದಿಯಲ್ಲ. ಪುಸ್ತಕಕ್ಕೆಂದು ಬರೆದರು, ಪುಸ್ತಕವನ್ನು ಮೀರಿ ಅವು ಜನರ ನಾಲಗೆಗೆ ಹತ್ತಿಕೊಂಡವು.

ಹತ್ತಿಸಿದವರು ಗಾಯಕರು. ಶಿವಮೊಗ್ಗವೆಂಬ ಹೆಸರನ್ನೇ ತಮ್ಮ ಹೆಸರಿನ ಮುಂದೆ ಕಟ್ಟಿಕೊಂಡು ನಾಡೆಲ್ಲ ತಿರುಗಿದ ಸುಬ್ಬಣ್ಣನವರನ್ನು ಇಲ್ಲಿ ನೆನೆಯದೆ ಮುಂದೆ ಹೋಗುವಂತಿಲ್ಲ. ಅವರು 1938ರಲ್ಲಿ ಹುಟ್ಟಿದ್ದು ಹೊಸನಗರ ತಾಲ್ಲೂಕಿನ ನಗರದಲ್ಲಿ. ಕೆಳದಿಯ ಅರಸರು ಬಿದನೂರೆಂದು ಕರೆದು ರಾಜಧಾನಿಯಾಗಿ ಆಳಿದ ಸ್ಥಳ ಅದು. ವೃತ್ತಿಯಿಂದ ವಕೀಲರು, ಹಗಲು ಕರಿಯ ಕೋಟು, ಸಂಜೆ ಹಾಡು. ಚಂದ್ರಶೇಖರ ಕಂಬಾರರ ‘ಕಾಡುಕುದುರೆ’ ಚಿತ್ರಕ್ಕೆ ಹಾಡಿದ ಹಾಡಿಗಾಗಿ 1978ನೆಯ ಸಾಲಿನ ರಾಷ್ಟ್ರಪ್ರಶಸ್ತಿ ಅವರಿಗೆ ಬಂದಾಗ, ಹಿನ್ನೆಲೆ ಗಾಯನಕ್ಕೆ ಆ ಗೌರವ ಪಡೆದ ಮೊದಲ ಕನ್ನಡಿಗ ಅವರೇ ಆದರು. 2022ರ ಆಗಸ್ಟಿನಲ್ಲಿ ಅವರು ತೀರಿಕೊಂಡರು. ಅವರದು ಎದೆಯಿಂದ ಎತ್ತಿ ಎಸೆಯುವ ಕಂಠ. ಹಿಂದಿನ ಸಾಲಿನಲ್ಲಿ ಕುಳಿತವನಿಗೂ ಒಂದೊಂದು ಅಕ್ಷರ ತಲಪಬೇಕೆಂಬ ಹಟ ಅದರಲ್ಲಿತ್ತು. ಅಂಥ ಕಂಠ ಬೆಳೆಯುವುದು ಎದುರಿಗೆ ಜನರಿದ್ದಾಗ ಮಾತ್ರ.

ಊರಿನ ನಡುವೆ ಹಾಯುವ ಬಿ. ಎಚ್. ರಸ್ತೆಯಲ್ಲಿ ಕರ್ನಾಟಕ ಸಂಘದ ಕಟ್ಟಡವಿದೆ. 1930ರಲ್ಲಿ ಸ್ಥಾಪನೆಯಾದ ಈ ಸಂಘ ಇಂದಿಗೂ ವರ್ಷವರ್ಷ ಪುಸ್ತಕಗಳಿಗೆ ಬಹುಮಾನ ಕೊಡುತ್ತದೆ. ಬೇರೆ ಊರುಗಳಲ್ಲಿ ಅಂಗಡಿ ಬೀದಿಯ ಮಧ್ಯೆ ಸಿನಿಮಾ ಮಂದಿರ ನಿಂತಿರುವಂತೆ ಇಲ್ಲಿ ಸಾಹಿತ್ಯ ಭವನ ನಿಂತಿದೆ. ಆಚೆ ಸಹ್ಯಾದ್ರಿ ಕಾಲೇಜು. ಅಲ್ಲಿ 1967ರಿಂದ ಕೆಲವು ವರ್ಷ ಭೂವಿಜ್ಞಾನದ ಪಾಠ ಹೇಳಿದ ಒಬ್ಬ ಅಧ್ಯಾಪಕರು ವಿದ್ಯಾರ್ಥಿಗಳಿಗೆ ಕಲ್ಲು, ಅದಿರುಗಳ ಜಾತಿ ಹೇಳಿಕೊಡುತ್ತ, ಬಿಡುವಿನಲ್ಲಿ ಪದ್ಯ ಬರೆಯುತ್ತಿದ್ದರು. ಅವರೇ ಕೆ. ಎಸ್. ನಿಸಾರ್ ಅಹಮದ್. ಅವರ ‘ನಿತ್ಯೋತ್ಸವ’ವನ್ನು ಯಾರು ಅರಿಯರು? ಜೋಗ, ತುಂಗೆ, ಕಾಡುಗಳ ಜೊತೆಗೆ ಸಹ್ಯಾದ್ರಿಯ ಅದಿರನ್ನೂ ತಾಯಿಯ ಸಿರಿಯೆಂದು ಎಣಿಸಿದ ಕವಿತೆ ಅದು. ಹೂವನ್ನೂ ಹೊಳೆಯನ್ನೂ ಹಾಡಿದ ಕವಿಗಳು ಬಹಳ. ಅದಿರನ್ನು ಹಾಡಬೇಕಾದರೆ ಭೂವಿಜ್ಞಾನದ ಮೇಷ್ಟರೇ ಬೇಕಾಯಿತು. 2006ರಲ್ಲಿ ಇದೇ ಶಿವಮೊಗ್ಗದಲ್ಲಿ 73ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಊರು ತನ್ನ ಹಳೆಯ ಮೇಷ್ಟರನ್ನು ಅಧ್ಯಕ್ಷ ಪೀಠದಲ್ಲಿ ಕೂರಿಸಿ ಮೆರೆಸಿತು.

ಹಾಲೆಂಡಿನಿಂದ ಬಂದ ಪುಟ್ಟ ಪೆಟ್ಟಿಗೆ

ಪುಸ್ತಕದ ಕವಿತೆ ನಾಡಿನ ಹಾಡಾದುದು ಹೇಗೆ? ಇದಕ್ಕೆ ಉತ್ತರ ಹುಡುಕಲು ನಾವು ಸ್ವಲ್ಪ ಹೊತ್ತು ತುಂಗೆಯನ್ನು ಬಿಟ್ಟು ಯೂರೋಪಿನ ಹಾಲೆಂಡಿಗೆ ಹೋಗಿಬರಬೇಕು.

ಪಿ. ಕಾಳಿಂಗರಾಯರ ಕಾಲದಲ್ಲಿ ಹಾಡು ಮನೆಗೆ ಬರುತ್ತಿದ್ದುದು ಗ್ರಾಮಾಫೋನ್ ತಟ್ಟೆಯ ಮೇಲೆ. ನಿಮಿಷಕ್ಕೆ 78 ಸುತ್ತು ತಿರುಗುವ ಆ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ಮುಂದೆ ದೊಡ್ಡ ತಟ್ಟೆಗಳು ಬಂದರೂ ಅವನ್ನು ನುಡಿಸುವ ಯಂತ್ರ ಉಳ್ಳವರ ಮನೆಯ ಆಭರಣವಾಗಿಯೇ ಉಳಿಯಿತು. ಈ ನಡುವೆ, 1963ರಲ್ಲಿ, ಹಾಲೆಂಡಿನ ಫಿಲಿಪ್ಸ್ ಸಂಸ್ಥೆ ಬರ್ಲಿನ್ ನಗರದ ಪ್ರದರ್ಶನದಲ್ಲಿ ಅಂಗೈಯಗಲದ ಒಂದು ಡಬ್ಬಿಯನ್ನು ಜನರ ಮುಂದಿಟ್ಟಿತು. ಅದನ್ನು ರೂಪಿಸಿದ ತಂಡದ ಮುಖ್ಯಸ್ಥರು ಲೂ ಓಟೆನ್ಸ್ ಎಂಬ ಡಚ್ ಇಂಜಿನಿಯರು. ಯಂತ್ರ ಎಷ್ಟು ದೊಡ್ಡದಿರಬೇಕೆಂಬುದನ್ನು ನಿಶ್ಚಯಿಸಲು ಅವರು ಮಾಡಿದ ಉಪಾಯ ಸ್ವಾರಸ್ಯದ್ದು: ಒಂದು ಮರದ ತುಂಡನ್ನು ತಮ್ಮ ಕೋಟಿನ ಜೇಬಿಗೆ ಹಿಡಿಸುವಷ್ಟಕ್ಕೆ ಕತ್ತರಿಸಿಕೊಂಡು, ‘ಇದಕ್ಕಿಂತ ದೊಡ್ಡದಾಗಕೂಡದು’ ಎಂದು ಗೊತ್ತುಮಾಡಿಕೊಂಡರು.

ಆ ಡಬ್ಬಿಯೇ ಕ್ಯಾಸೆಟ್ಟು. ನಮ್ಮವರು ಅದಕ್ಕೆ ಧ್ವನಿಸುರುಳಿ ಎಂಬ ಒಳ್ಳೆಯ ಹೆಸರನ್ನು ಕೊಟ್ಟರು. ಒಳಗಿನ ಪಟ್ಟಿಯ ಅಗಲ 4 ಮಿಲಿಮೀಟರಿಗೂ ಕಡಿಮೆ. ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಅದು ಓಡುತ್ತದೆ. ಅಂದರೆ ಅರ್ಧ ಗಂಟೆಯ ಹಾಡಿಗೆ ಸುಮಾರು 86 ಮೀಟರ್ ಪಟ್ಟಿ ಬೇಕು. ಪಟ್ಟಿಯ ಮೇಲೆ ಬಳಿದಿರುವ ಕಂದು ಪುಡಿ ಕಬ್ಬಿಣದ ಆಕ್ಸೈಡು. ಸಾಮಾನ್ಯರ ಮಾತಿನಲ್ಲಿ ತುಕ್ಕಿನ ಹತ್ತಿರದ ನಂಟ. ದನಿ ಮೊದಲು ವಿದ್ಯುತ್ತಾಗಿ, ವಿದ್ಯುತ್ತು ಪುಟ್ಟ ಅಯಸ್ಕಾಂತದ ಏರಿಳಿತವಾಗಿ, ಆ ಏರಿಳಿತಕ್ಕೆ ತಕ್ಕಂತೆ ಕಬ್ಬಿಣದ ಕಣಗಳು ಸಾಲುಗಟ್ಟಿ ನಿಲ್ಲುತ್ತವೆ. ಮತ್ತೆ ಓಡಿಸಿದಾಗ ಅವೇ ಕಣಗಳು ಹಾಡನ್ನು ಹಿಂದಕ್ಕೆ ಕೊಡುತ್ತವೆ. ಬಹುಕಾಲ ನಮ್ಮ ಭಾವಗೀತೆಗಳು ಉಳಿದು ಬಂದದ್ದು ಕಬ್ಬಿಣದ ಪುಡಿಯಲ್ಲಿ ಎಂದರೆ ಭದ್ರಾವತಿಯವರಿಗೆ ಸಂತೋಷವಾದೀತು.

1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಯೋಜನೆಯಲ್ಲಿ ‘ನಿತ್ಯೋತ್ಸವ’ ಧ್ವನಿಸುರುಳಿ ಹೊರಬಂದಿತು. ಕನ್ನಡ ಸುಗಮ ಸಂಗೀತದ ಮೊದಲ ಧ್ವನಿಸುರುಳಿಯೆಂದು ಅದು ಹೆಸರಾಗಿದೆ. ಒಬ್ಬ ಕವಿಯ ಹಲವು ಕವಿತೆಗಳನ್ನು ಒಂದೇ ಡಬ್ಬಿಯಲ್ಲಿಟ್ಟು, ಒಂದು ಸಂಕಲನವನ್ನು ಓದಿದಂತೆ ಕೇಳಿಸುವುದು ಆಗ ಸಾಧ್ಯವಾಯಿತು. ಹಿಂದೆಯೇ ಸಿ. ಅಶ್ವತ್ಥರ ಸಂಯೋಜನೆಯಲ್ಲಿ ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಯೂ ಶಿಶುನಾಳ ಶರೀಫರ ಪದಗಳೂ ಬಂದವು, ಲಕ್ಷ್ಮೀನಾರಾಯಣ ಭಟ್ಟರ ಗೀತೆಗಳು ಬಂದವು. ಅಡುಗೆಮನೆಯ ಕಪಾಟಿನ ಮೇಲೆ ಟೇಪ್ ರೆಕಾರ್ಡರ್ ಇಟ್ಟುಕೊಂಡು, ಹುಳಿಗೆ ಒಗ್ಗರಣೆ ಹಾಕುತ್ತ, ಗೃಹಿಣಿಯರು ಕವಿತೆಗಳನ್ನು ಬಾಯಿಪಾಠ ಮಾಡಿಕೊಂಡ ಕಾಲವದು. ಪಟ್ಟಿ ಸಿಕ್ಕಿಕೊಂಡಾಗ ಪೆನ್ಸಿಲ್ ತೂರಿಸಿ ಸುತ್ತಿದ ನೆನಪು ನಮ್ಮ ಓದುಗರಲ್ಲಿ ಹಲವರಿಗಿರಬಹುದು.

ಕಾಲದ ಒಂದು ವಿಚಿತ್ರವನ್ನೂ ಇಲ್ಲಿ ಹೇಳಿಬಿಡುತ್ತೇವೆ. ಆ ಪೆಟ್ಟಿಗೆಯನ್ನು ರೂಪಿಸಿದ ಓಟೆನ್ಸ್ ಅವರೂ, ಆ ಪೆಟ್ಟಿಗೆಯ ಮೂಲಕ ಮನೆಮಾತಾದ ಶಿವಮೊಗ್ಗದ ಲಕ್ಷ್ಮೀನಾರಾಯಣ ಭಟ್ಟರೂ ಕಣ್ಣುಮುಚ್ಚಿದ್ದು ಒಂದೇ ದಿನ: 2021ರ ಮಾರ್ಚ್ 6. ಒಬ್ಬರಿಗೊಬ್ಬರು ಪರಿಚಿತರಲ್ಲ, ಆದರೂ ಒಬ್ಬರ ಕೆಲಸಕ್ಕೆ ಇನ್ನೊಬ್ಬರ ಕೆಲಸ ಜೇಬಾಗಿ ಒದಗಿತು.

ಬೆಂಕಿಪುರದ ದಾರಿ

ಮಧ್ಯಾಹ್ನ ಊಟ ಮುಗಿಸಿ ಭದ್ರಾವತಿಯ ಬಸ್ಸು ಹತ್ತಿದೆವು. ಬೆಂಗಳೂರು-ಹೊನ್ನಾವರ ರಸ್ತೆಯೇ ಎರಡೂ ಊರುಗಳ ಬೆನ್ನೆಲುಬು. ಎರಡರಲ್ಲಿಯೂ ಅದರ ಹೆಸರು ಬಿ. ಎಚ್. ರಸ್ತೆಯೇ. ಈ ಊರಿಗೆ ಹಿಂದೆ ಬೆಂಕಿಪುರವೆಂಬ ಹೆಸರಿತ್ತು. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯ ಈಗಲೂ ಪೇಟೆಯ ಗದ್ದಲದ ನಡುವೆ ತಣ್ಣಗೆ ಕುಳಿತಿದೆ. ಊರು ನಿಜವಾಗಿ ಬೆಂಕಿಯ ಪುರವಾದದ್ದು ಮಾತ್ರ ಇಪ್ಪತ್ತನೆಯ ಶತಮಾನದಲ್ಲಿ. ವಿಶ್ವೇಶ್ವರಯ್ಯನವರ ಯೋಜನೆಯಂತೆ 1918ರಲ್ಲಿ ಆರಂಭವಾದ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಕಬ್ಬಿಣ ಕರಗಿಸತೊಡಗಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರೆಯ ನೀರು. ಮೂರೂ ಕೂಡಿ ಒಂದು ಪಟ್ಟಣವನ್ನು ಕಟ್ಟಿದವು. 1936ರಲ್ಲಿ ಮೈಸೂರು ಕಾಗದದ ಕಾರ್ಖಾನೆ ಬಂದಿತು. 1980ರ ದಶಕದಲ್ಲಿ ಪತ್ರಿಕೆಗಳ ಮುದ್ರಣ ಕಾಗದವನ್ನೂ ತಯಾರಿಸತೊಡಗಿತು. ಕಥೆ, ಧಾರಾವಾಹಿಗಳನ್ನು ಹೊತ್ತು ಮನೆಬಾಗಿಲಿಗೆ ಬಂದ ಎಷ್ಟೋ ಹಾಳೆಗಳು ಈ ಊರಿನಲ್ಲಿ ಹುಟ್ಟಿದವು.

ಕಾರ್ಖಾನೆಗಳ ಜೊತೆಗೆ ಕಾಲೊನಿಗಳು ಬಂದವು: ನ್ಯೂ ಟೌನ್, ಪೇಪರ್ ಟೌನ್. ತಮಿಳರು, ತೆಲುಗರು, ಕರಾವಳಿಯವರು, ಬಯಲುಸೀಮೆಯವರು ಒಂದೇ ಸಾಲಿನ ಮನೆಗಳಲ್ಲಿ ನೆಲೆಸಿದರು. ಮೂರು ಪಾಳಿಗಳ ದುಡಿಮೆ, ತಿಂಗಳ ಮೊದಲಿಗೆ ತಪ್ಪದ ಸಂಬಳ, ಸಂಜೆಗೆ ಬಿಡುವು. ಸಂಗೀತಕ್ಕೆ ಇದಕ್ಕಿಂತ ಒಳ್ಳೆಯ ಶ್ರೋತೃವರ್ಗ ಇನ್ನೆಲ್ಲಿ ದೊರಕೀತು?

1965ರಲ್ಲಿ ಇಲ್ಲಿಯೇ ಆಕಾಶವಾಣಿ ಕೇಂದ್ರ ತೆರೆಯಿತು. ಜಿಲ್ಲಾ ಕೇಂದ್ರವನ್ನು ಬಿಟ್ಟು ಕಾರ್ಖಾನೆಯ ಊರಿಗೆ ಬಾನುಲಿ ಬಂದದ್ದು ಭದ್ರಾವತಿಯ ಭಾಗ್ಯ. ಮಧ್ಯಮ ತರಂಗದ 675 ಕಿಲೋಹರ್ಟ್ಸ್, ಎಂದರೆ 444.4 ಮೀಟರ್. ಈ ಸಂಖ್ಯೆ ಮಲೆನಾಡಿನ ಮನೆಗಳಲ್ಲಿ ಗಡಿಯಾರದ ಅಂಕಿಗಳಷ್ಟೇ ಪರಿಚಿತವಾಗಿತ್ತು. ಅಡಕೆ ಸುಲಿಯುವ ಅಂಗಳದಲ್ಲಿ, ಗದ್ದೆಯ ಬದುವಿನಲ್ಲಿ, ಬೀಡಿ ಅಂಗಡಿಯಲ್ಲಿ ಅದೇ ದನಿ. ಬಳಿಕ ಎಫ್. ಎಂ. ತರಂಗದಲ್ಲಿಯೂ ಕೇಂದ್ರದ ದನಿ ಕೇಳತೊಡಗಿತು. ಧ್ವನಿಪರೀಕ್ಷೆಗೆಂದು ಹೆದರುತ್ತ ಹೆದರುತ್ತ ಗೇಟು ದಾಟಿದ ಹಳ್ಳಿಯ ಹುಡುಗ ಹುಡುಗಿಯರಿಗೆ ಆ ಕೇಂದ್ರವೇ ಮೊದಲ ಗುರುಕುಲ. ಶ್ರುತಿ ತಪ್ಪಿದರೆ ಮುಲಾಜಿಲ್ಲದೆ ಹಿಂದಕ್ಕೆ ಕಳಿಸುವ ಪರೀಕ್ಷೆ ಅದು. ತೇರ್ಗಡೆಯಾದವನ ಊರಿನಲ್ಲಿ ಮಾತ್ರ ಅವನ ಕಾರ್ಯಕ್ರಮದ ದಿನ ಹಬ್ಬ.

ಬೀಗ ಬಿದ್ದ ಸಾಲುಮನೆಗಳು

ಈ ಕಥೆಯ ಉತ್ತರಾರ್ಧ ಅಷ್ಟು ಹಿತವಾದುದಲ್ಲ. ಕಾಗದದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಕಬ್ಬಿಣದ ಕಾರ್ಖಾನೆ 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಕೈಸೇರಿತ್ತು. ಅದನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಿತು. ಕಾರ್ಮಿಕರು ಬೀದಿಗಿಳಿದರು. ಅದೇ ವರ್ಷ ಒಂದು ಭಾಗ ಮತ್ತೆ ಚಾಲನೆ ಪಡೆಯಿತಾದರೂ ಹಿಂದಿನ ವೈಭವ ಮರಳಲಿಲ್ಲ. ಕಾಲೊನಿಯ ರಸ್ತೆಗಳಲ್ಲಿ ನಡೆದರೆ ಬೀಗ ಬಿದ್ದ ಮನೆಗಳು ಸಾಲುಸಾಲಾಗಿ ಕಾಣುತ್ತವೆ. ಗೋಡೆಯಲ್ಲಿ ಅರಳಿಗಿಡ ಬೇರು ಬಿಟ್ಟಿದೆ.

ಚಹದಂಗಡಿಯ ಬೆಂಚಿನ ಮೇಲೆ ಕುಳಿತಿದ್ದ ನಿವೃತ್ತ ಕಾರ್ಮಿಕರೊಬ್ಬರು ನಮ್ಮ ಪ್ರಶ್ನೆ ಕೇಳಿ ನಕ್ಕರು. ಮನೆಮಾತು ತಮಿಳು, ಆದರೆ ಅವರ ಕನ್ನಡ ಅಪ್ಪಟ ಭದ್ರಾವತಿಯದು.

“ಗಣಪತಿ ಹಬ್ಬ ಅಂದ್ರೆ ಹತ್ತು ದಿವಸ ಹಾಡೇ ಸ್ವಾಮಿ. ಎರಡನೇ ಪಾಳಿ ಬಿಟ್ಟೋರು ಮನೆಗೆ ಹೋಗ್ತಿರಲಿಲ್ಲ, ಮಸಿ ಕೈಯಲ್ಲೇ ಬಂದು ಹಿಂದೆ ನಿಂತ್ಕೊಳ್ಳೋರು. ನನಗೆ ಕನ್ನಡ ಓದಕ್ಕೆ ಅಷ್ಟಾಗಿ ಬರಲ್ಲ. ಈ ಹಾಡುಗಳಿಂದಲೇ ಕಲಿತಿದ್ದು. ಅರ್ಥ ಆಗದ ಪದ ಇದ್ರೆ ಪಕ್ಕದ ಮನೆ ಮೇಷ್ಟ್ರನ್ನ ಕೇಳ್ತಿದ್ದೆ.”

“ಈಗ?”

“ಈಗ ಮೇಷ್ಟ್ರೂ ಇಲ್ಲ, ಆ ಮನೇನೂ ಬೀಗ ಹಾಕಿದೆ. ಕ್ಯಾಸೆಟ್ಟು ಒಂದು ಟ್ರಂಕು ತುಂಬ ಇದಾವೆ. ಹಾಕಕ್ಕೆ ಯಂತ್ರ ಇಲ್ಲ. ಮೊಮ್ಮಗ ಫೋನಿನಲ್ಲಿ ಹಾಕಿಕೊಡ್ತಾನೆ, ಕೇಳ್ತೀನಿ. ಆದ್ರೆ ಒಬ್ಬನೇ ಕೇಳೋದು, ನೋಡಿ. ಚೆನ್ನಾಗಿದೆ ಅಂತ ಯಾರಿಗೆ ಹೇಳೋದು?”

ಹಾಡಿನ ವಿಷಯದಲ್ಲಿ ಪಂಡಿತರು ಬರೆದ ಎಷ್ಟೋ ಪುಟಗಳು ಆ ಕೊನೆಯ ಪ್ರಶ್ನೆಯ ತೂಕಕ್ಕೆ ಬಾರವು. ಧ್ವನಿಸುರುಳಿ ಹಾಡನ್ನು ಮನೆಗೆ ತಂದುಕೊಟ್ಟಿತು, ನಿಜ. ಆದರೆ ಪಕ್ಕದವನ ಮುಖ ನೋಡಿ ತಲೆದೂಗುವ ಸುಖವನ್ನು ಅದು ಕೊಡಲಾರದು. ಮನೆಯಲ್ಲಿ ಕೇಳಿ ಕಲಿತವರು ವೇದಿಕೆಯ ಮುಂದೆ ಕೂಡುತ್ತಿದ್ದರು; ವೇದಿಕೆಯಲ್ಲಿ ಕೇಳಿದವರು ಮನೆಗೆ ಸುರುಳಿ ಕೊಳ್ಳುತ್ತಿದ್ದರು. ಒಂದು ಕೈ ಇನ್ನೊಂದು ಕೈಯನ್ನು ತೊಳೆಯುತ್ತಿತ್ತು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವತ್ಥರು ‘ಕನ್ನಡವೇ ಸತ್ಯ’ವೆಂಬ ಕಾರ್ಯಕ್ರಮ ನಡೆಸಿದಾಗ ಭಾವಗೀತೆ ಕೇಳಲು ಲಕ್ಷದಷ್ಟು ಜನ ನೆರೆದರು. ಅಂದು ಬಂದವರಲ್ಲಿ ಅನೇಕರು ಟೇಪ್ ರೆಕಾರ್ಡರಿನ ಮುಂದೆಯೇ ಆ ಹಾಡುಗಳನ್ನು ಕಲಿತವರು.

ಒಂದು ಬಿಡುಗಡೆ ಸಮಾರಂಭ

ಸಂಜೆ ಶಿವಮೊಗ್ಗಕ್ಕೆ ಮರಳಿದೆವು. ನಗರದ ಸಭಾಂಗಣವೊಂದರಲ್ಲಿ ಸುಗಮ ಸಂಗೀತದ ಕಾರ್ಯಕ್ರಮವಿದೆಯೆಂದು ಹೋಟೆಲಿನವರು ತಿಳಿಸಿದ್ದರು. ಊರಿನಲ್ಲಿ ಸಂಗೀತದ ಪಾಠ ಹೇಳುವ ಗಾಯಕಿಯೊಬ್ಬರು ಈ ಜಿಲ್ಲೆಯ ಕವಿಗಳ ಎಂಟು ಕವಿತೆಗಳನ್ನು ಹೊಸದಾಗಿ ಹಾಡಿ ಮುದ್ರಿಸಿದ್ದರು. ಅದರ ಬಿಡುಗಡೆ, ಬಳಿಕ ಗಾಯನ. ಪ್ರವೇಶ ಉಚಿತ. ನೂರೈವತ್ತು ಜನರಿದ್ದಿರಬಹುದು.

ನಮ್ಮ ಸಭೆಗಳ ಸಂಪ್ರದಾಯವನ್ನು ಓದುಗರು ಬಲ್ಲರು. ಸ್ವಾಗತ, ಪ್ರಾಸ್ತಾವಿಕ, ದೀಪ, ಹಾರ, ಫಲತಾಂಬೂಲ, ಇಬ್ಬರ ಭಾಷಣ. ಇಷ್ಟಾಗುವಾಗ ಮುಕ್ಕಾಲು ಗಂಟೆ ಕಳೆಯಿತು. ತಬಲದವರು ಎರಡು ಸಲ ಶ್ರುತಿ ನೋಡಿಕೊಂಡರು. ಕೊನೆಗೆ ಬಿಡುಗಡೆ. ಹಿಂದೆಲ್ಲ ಮುಖ್ಯ ಅತಿಥಿಗಳು ಬಣ್ಣದ ಕಾಗದ ಬಿಚ್ಚಿ, ಕ್ಯಾಸೆಟ್ಟನ್ನು ಎತ್ತಿ ಹಿಡಿದು, ಛಾಯಾಚಿತ್ರಗಾರನತ್ತ ನೋಡಿ ನಗುತ್ತಿದ್ದರು. ಈಗ ಎತ್ತಿ ಹಿಡಿಯಲು ಏನೂ ಇಲ್ಲ. ಗಾಯಕಿಯ ಶಿಷ್ಯನೊಬ್ಬ ತನ್ನ ಮೊಬೈಲನ್ನು ತಟ್ಟೆಯಲ್ಲಿಟ್ಟು ತಂದನು. ಅತಿಥಿಗಳು ಬೆರಳಿನಿಂದ ಒಂದು ಸಲ ಒತ್ತಿದರು. ಬಿಡುಗಡೆ ಆಯಿತೋ ಇಲ್ಲವೋ ತಿಳಿಯದೆ ಸಭೆ ಕ್ಷಣಕಾಲ ಸುಮ್ಮನಿತ್ತು. ಬಳಿಕ ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು.

ಹಾಡು ಆರಂಭವಾದ ಮೇಲೆ ಈ ನಗೆಪಾಟಲೆಲ್ಲ ಮರೆತುಹೋಯಿತು. ಹಾರ್ಮೋನಿಯಂ, ತಬಲ, ಕೊಳಲು, ಒಂದು ಗಿಟಾರು. ಗಿಟಾರಿನ ಹುಡುಗನನ್ನು ಕಂಡು ಪಕ್ಕದ ಹಿರಿಯರು ಮೂಗು ಮುರಿದುದನ್ನು ಗಮನಿಸಿದೆವು. ಆದರೆ ಆತ ಕವಿತೆಯ ಮಾತನ್ನು ಎಲ್ಲಿಯೂ ಮುಚ್ಚಲಿಲ್ಲ. 2008ರಲ್ಲಿ ರಘು ದೀಕ್ಷಿತರು ಶರೀಫರ ಪದಗಳನ್ನು ಗಿಟಾರಿಗೆ ಕೂಡಿಸಿ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಹಾಡಿದಾಗಲೂ ಹೀಗೆಯೇ ಕೆಲವರು ಮೂಗು ಮುರಿದರು. ಆ ಪದಗಳು ಮುಂದೆ ಇಂಗ್ಲೆಂಡಿನ ಸಂಗೀತೋತ್ಸವಗಳವರೆಗೆ ಹೋದವು. ಕುವೆಂಪು ಅವರ ನಾಡಗೀತೆಯನ್ನು ಅನಂತಸ್ವಾಮಿಯವರ ಧಾಟಿಯಲ್ಲಿ ಹಾಡಬೇಕೋ ಅಶ್ವತ್ಥರ ಧಾಟಿಯಲ್ಲಿಯೋ ಎಂಬ ಚರ್ಚೆ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. 2022ರಲ್ಲಿ ಸರಕಾರ ಅನಂತಸ್ವಾಮಿಯವರ ಧಾಟಿಯನ್ನೂ ಎರಡೂವರೆ ನಿಮಿಷದ ಅವಧಿಯನ್ನೂ ಗೊತ್ತುಪಡಿಸಿತು. ಜನ ಒಂದು ಹಾಡಿಗಾಗಿ ಇಷ್ಟು ಜಗಳವಾಡುವರೆಂದರೆ ಅದು ಇನ್ನೂ ಅವರದೇ ಆಗಿದೆಯೆಂದು ಅರ್ಥ.

ಕೊನೆಯಲ್ಲಿ ಗಾಯಕಿ ‘ನಿತ್ಯೋತ್ಸವ’ವನ್ನು ಎತ್ತಿಕೊಂಡರು. ಪಲ್ಲವಿ ಮುಗಿಸಿ, ‘ನೀವು ಹಾಡಿ’ ಎಂದು ಸಭೆಗೆ ಬಿಟ್ಟರು. ಆಗ ಕಂಡ ನೋಟವೇ ನಮ್ಮ ಪ್ರಯಾಣದ ಫಲ. ಅರುವತ್ತು ದಾಟಿದವರು ಚರಣಗಳನ್ನೆಲ್ಲ ತಡವರಿಸದೆ ಹಾಡಿದರು. ನಡುವಯಸ್ಸಿನವರು ಮೊದಲ ಚರಣ ಹಾಡಿ, ಎರಡನೆಯದರಲ್ಲಿ ಗುನುಗಿದರು. ಕಾಲೇಜಿನವರಿಗೆ ಪಲ್ಲವಿಯಷ್ಟೇ ಬರುತ್ತಿತ್ತು. ಅದನ್ನು ಮಾತ್ರ ಉತ್ಸಾಹದಿಂದ ಹಾಡಿದರು. ಮುಂದಿನ ಸಾಲಿನ ಮಕ್ಕಳು ಹಿಂದಕ್ಕೆ ತಿರುಗಿ, ಇಷ್ಟು ಜನ ದೊಡ್ಡವರು ಒಟ್ಟಿಗೆ ಹಾಡುವುದನ್ನು ಬೆರಗಿನಿಂದ ನೋಡಿದವು. ನಾಲ್ಕು ತಲೆಮಾರು, ನಾಲ್ಕು ಮೆಟ್ಟಿಲು. ಈ ಹಾಡು ಇಂದು ಎಲ್ಲರ ಕೈಗೆ ಎಟುಕುವಲ್ಲಿದೆ. ಯಾವ ಮೊಬೈಲಿನಲ್ಲಿ ಕೇಳಿದರೂ ಸಿಕ್ಕೀತು. ಆದರೆ ಬಾಯಿಗೆ ಬರುವುದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿದೆ.

ಸಭೆ ಚದರಿದ ಮೇಲೆ ಗಾಯಕಿಯನ್ನು ಮಾತನಾಡಿಸಿದೆವು. ಅವರೂ ಹದಿನೆಂಟನೆಯ ವಯಸ್ಸಿನಲ್ಲಿ ಭದ್ರಾವತಿ ಆಕಾಶವಾಣಿಯ ಧ್ವನಿಪರೀಕ್ಷೆಗೆ ಹೋಗಿ, ಎರಡನೆಯ ಸಲ ತೇರ್ಗಡೆಯಾದವರಂತೆ. ಈಗ ಭಾನುವಾರಗಳಂದು ಮಕ್ಕಳಿಗೆ ಪಾಠ. ಮುದ್ರಣದ ಖರ್ಚಿಗೆ ಶಿಷ್ಯರ ತಾಯಿತಂದೆಯರು ಕೈಲಾದಷ್ಟು ಕೊಟ್ಟಿದ್ದರು.

“ಮೊದಲಾದರೆ ಐನೂರು ಕ್ಯಾಸೆಟ್ ಮಾಡಿಸಿ, ಕಾರ್ಯಕ್ರಮ ಆದಮೇಲೆ ಮೇಜಿನ ಮೇಲಿಟ್ಟು ಮಾರಬಹುದಿತ್ತು. ಈಗ ಚೆನ್ನಾಗಿದೆ, ನನ್ನ ಫೋನಿಗೆ ಕಳಿಸಿ ಅಂತಾರೆ. ಕಳಿಸ್ತೀನಿ. ಕೇಳಿದರೋ ಇಲ್ಲವೋ ಗೊತ್ತಾಗಲ್ಲ. ಇಲ್ಲಿ ಬಂದು ಕೂತವರು ಕೇಳಿದ್ದು ಮಾತ್ರ ನನಗೆ ಗೊತ್ತು” ಎಂದರು.

“ಪಾಠಕ್ಕೆ ಬರುವ ಮಕ್ಕಳು?”

“ಹತ್ತು ಹನ್ನೆರಡು ಬರ್ತಾರೆ. ಟೀವಿ ಸ್ಪರ್ಧೆಗೆ ಎರಡು ಹಾಡು ಕಲಿಸಿಬಿಡಿ ಅನ್ನೋರೇ ಹೆಚ್ಚು. ಕಲಿಸ್ತೀನಿ. ಅದರ ಜೊತೆಗೆ ಒಂದು ಪೂರ್ತಿ ಕವಿತೆ ಕಲಿತರೇನೇ ಎರಡನೇ ಹಾಡು ಅಂತ ಕರಾರು ಹಾಕಿದೀನಿ.”

ಈ ಕರಾರು ನಮಗೆ ಬಹಳ ಹಿಡಿಸಿತು. ಪಟ್ಟಣಗಳ ತಾಯಿತಂದೆಯರೂ ಇದನ್ನು ಮನೆಯಲ್ಲಿ ಜಾರಿಗೆ ತರಬಹುದು. ಖರ್ಚಿಲ್ಲ, ಯಂತ್ರ ಬೇಡ. ಮಲೆನಾಡಿಗೆ ಹೋಗುವ ಓದುಗರಿಗೆ ನಾವು ಹೇಳುವುದು ಇಷ್ಟು: ಜೋಗವನ್ನು ನೋಡಿರಿ, ಆನೆಗಳನ್ನು ನೋಡಿರಿ, ಶಿವಪ್ಪನಾಯಕನ ಅರಮನೆಯನ್ನೂ ಕೂಡಲಿಯಲ್ಲಿ ತುಂಗೆ ಭದ್ರೆಯರು ಒಂದಾಗುವುದನ್ನೂ ನೋಡಿರಿ. ಒಂದು ಸಂಜೆಯನ್ನು ಮಾತ್ರ ಊರಿಗೇ ಉಳಿಸಿಕೊಳ್ಳಿರಿ. ಎಲ್ಲಿಯಾದರೂ ಹಾಡಿದೆಯೇ ಎಂದು ವಿಚಾರಿಸಿರಿ. ಇದ್ದರೆ ಮಕ್ಕಳನ್ನು ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಿರಿ.

ಹೊರಡುವಾಗ ಮುಂದಿನ ಕಾರ್ಯಕ್ರಮ ಎಲ್ಲಿ ಎಂದು ಗಾಯಕಿಯನ್ನು ಕೇಳಿದೆವು.

“ಭದ್ರಾವತಿಯಲ್ಲಿ. ಪೇಪರ್ ಟೌನಿನಲ್ಲಿ ಉಳಿದಿರೋ ಕೆಲವರು ಗಣಪತಿ ಕೂರಿಸ್ತಾರಂತೆ. ಬಸ್ ಚಾರ್ಜು ಕೊಡ್ತೀವಿ, ಹೆಚ್ಚು ಆಗಲ್ಲ ಅಂದರು.”

“ಏನು ಹೇಳಿದಿರಿ?”

“ಬರ್ತೀನಿ ಅಂದೆ. ತಬಲದವರನ್ನೂ ಒಪ್ಪಿಸಿದೀನಿ” ಎನ್ನುತ್ತ ಅವರು ಹಾರ್ಮೋನಿಯಂ ಪೆಟ್ಟಿಗೆಯ ಮುಚ್ಚಳ ಹಾಕಿದರು.